‘ಇವತ್ತು ತಾಜಾ ಪಾಪಡಿ ಬಂದಿದೆಯೇ?’ ಎಂದು ಕೇಳಿ ಊಟಕ್ಕೆ ಕುಳಿತುಕೊಳ್ಳಿ

ಪ್ರಶ್ನೆ: ಜನವರಿ ಎರಡನೆಯ ವಾರದಲ್ಲಿ ಅಹಮದಾಬಾದಿಗೆ ಹೋಗಿ, ಅಲ್ಲಿಂದ ಉದಯಪುರ, ಜೋಧಪುರ ನೋಡಿಕೊಂಡು ಬರಬೇಕೆಂದಿದ್ದೇವೆ. ಜೊತೆಗೆ ತಂದೆ ತಾಯಿ ಇರುತ್ತಾರೆ. ತಂದೆಗೆ ಸಕ್ಕರೆ ಕಾಯಿಲೆ ಇದೆ. ಮೂರು ವರ್ಷಗಳ ಹಿಂದೆ ಆ ಕಡೆ ಹೋದಾಗ ದೊಡ್ಡ ಥಾಲಿ ಊಟ ಮಾಡಿದ್ದೆವು. ಎಲ್ಲವೂ ಸಿಹಿ, ಎಲ್ಲವೂ ಎಣ್ಣೆ ಎನ್ನಿಸಿತು. ಹೆಸರು ಕೇಳಿ ಆಸೆಪಟ್ಟು ತರಿಸಿಕೊಂಡ ಉಂಧಿಯು (ಚಳಿಗಾಲದ ಕಾಯಿಗಡ್ಡೆಗಳ ಗುಜರಾತಿ ಪಲ್ಯ) ಎಣ್ಣೆಯಲ್ಲಿ ಮುಳುಗಿದ ಆಲೂಗಡ್ಡೆ ಪಲ್ಯದಂತಿತ್ತು. ನೆಂಟರಿಷ್ಟರಿಲ್ಲದ ಊರಿನಲ್ಲಿ ಹೋಟೆಲನ್ನೇ ನಂಬಿದವರು ಗುಜರಾತ್ ಮತ್ತು ರಾಜಸ್ಥಾನದ ಚಳಿಗಾಲದ ಅಡುಗೆಯನ್ನು ಸರಿಯಾಗಿ ಸವಿಯುವುದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹಿಂದಿನ ಸಲ ನೀವು ಹೋದದ್ದು ಯಾವ ತಿಂಗಳೆಂದು ಬರೆದಿಲ್ಲ. ಆದರೆ ಬಟ್ಟಲಲ್ಲಿ ಆಲೂಗಡ್ಡೆಯೇ ಎದ್ದು ಕಾಣುತ್ತಿತ್ತು ಎಂದ ಮೇಲೆ ಎರಡರಲ್ಲೊಂದು ಆಗಿರಬೇಕು: ಅದು ಚಳಿಗಾಲವಾಗಿರಲಿಲ್ಲ, ಇಲ್ಲವೇ ಆ ಅಡುಗೆಮನೆಗೆ ಅಂದು ಚಳಿಗಾಲದ ಕಾಯಿಪಲ್ಲೆ ಬಂದಿರಲಿಲ್ಲ. ಅಹಮದಾಬಾದಿನ ಒಂದು ಭೋಜನಾಲಯದ ಅಡುಗೆಮನೆಯಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಥಾಲಿ ಎನ್ನುವುದು ಹನ್ನೆರಡು ತಿಂಗಳೂ ಒಂದೇ ಲಯದಲ್ಲಿ ನಡೆಯುವ ಏರ್ಪಾಡು. ದಾಲ್, ಕಢಿ, ಆಲೂಗಡ್ಡೆ, ಒಂದು ಕಾಳು, ಎರಡು ಫರ್ಸಾಣ್ (ಖಾರದ ತಿನಿಸು), ಎರಡು ಸಿಹಿ – ಇವು ಮೇ ತಿಂಗಳಿನಲ್ಲೂ ಇರುತ್ತವೆ, ಜನವರಿಯಲ್ಲೂ ಇರುತ್ತವೆ. ಚಳಿಗಾಲ ಬಂದಿರುವುದು ಎರಡೋ ಮೂರೋ ಬಟ್ಟಲಿಗೆ ಮಾತ್ರ. ಆ ಬಟ್ಟಲು ಯಾವುವೆಂದು ಗೊತ್ತಿಲ್ಲದವರು ಉಳಿದ ಹದಿನೈದನ್ನು ತಿಂದು ಹೊಟ್ಟೆ ತುಂಬಿಸಿಕೊಂಡು ಏಳುತ್ತಾರೆ. ನಿಮಗೂ ಹಾಗೆಯೇ ಆಗಿರಬೇಕು.

ರಾಜಸ್ಥಾನದ ಊಟದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ನಾವು ಹೆಸರು ಕೇಳಿ ಬಲ್ಲ ಅಲ್ಲಿನ ಅಡುಗೆಗಳಲ್ಲಿ ಬಹುಪಾಲು ಉಗ್ರಾಣದ ಅಡುಗೆಗಳು. ಗಟ್ಟೆ ಕಡಲೆಹಿಟ್ಟಿನದು, ಮಂಗೋಡಿ ಹೆಸರುಬೇಳೆಯ ಸಂಡಿಗೆ, ಪಾಪಡ್ ಸಬ್ಜಿ ಹಪ್ಪಳದ್ದು. ಕೇರ್–ಸಾಂಗ್ರಿಯ ಸಾಂಗ್ರಿ ಎಂದರೆ ಖೇಜಡಿ ಮರದ ಒಣಗಿಸಿದ ಕಾಯಿ. ಖೇಜಡಿ ಬೇರೇನಲ್ಲ, ದಸರೆಯಲ್ಲಿ ನಾವು ಪೂಜಿಸುವ ಬನ್ನಿ ಮರವೇ. ಹಸಿ ತರಕಾರಿ ಸಿಗದ ಮರುಭೂಮಿಯಲ್ಲಿ ಮನೆಯ ಹೆಂಗಸರು ಕಟ್ಟಿದ ಅಡುಗೆ ಅದು. ನನಗೆ ಅದರ ಮೇಲೆ ಅಪಾರ ಗೌರವವಿದೆ. ಆದರೆ ಒಣಗಿಸಿಟ್ಟದ್ದು ಯಾವ ತಿಂಗಳಲ್ಲಾದರೂ ಒಂದೇ. ಆ ನೆಲಕ್ಕೆ ಹಸಿರು ಧಾರಾಳವಾಗಿ ಬರುವುದು ಚಳಿಗಾಲದ ಮೂರು ತಿಂಗಳಲ್ಲಿ. ಹಸಿ ಅರಿಸಿನದ ಕೊನೆ, ಎಳೆಯ ಬೆಳ್ಳುಳ್ಳಿ ಸೊಪ್ಪು, ಮೆಂತ್ಯ, ಹಸಿ ಕಡಲೆ, ಮೋಗ್ರಿ ಎನ್ನುವ ಮೂಲಂಗಿ ಕಾಯಿ. ಹೊಸದಾಗಿ ಬೀಸಿದ ಸಜ್ಜೆ ಮತ್ತು ಮೆಕ್ಕೆಜೋಳದ ಹಿಟ್ಟೂ ಆಗಲೇ. ಹೋಟೆಲಿನಲ್ಲಿ ಹುಡುಕಬೇಕಾದದ್ದು ಇವನ್ನು.

ಮೊದಲು ಉಂಧಿಯು ವಿಚಾರ ಮುಗಿಸೋಣ, ಏಕೆಂದರೆ ನಿಮ್ಮ ನೋವು ಅಲ್ಲಿದೆ. ‘ಊಂಧುಂ’ ಎಂದರೆ ಗುಜರಾತಿಯಲ್ಲಿ ತಲೆಕೆಳಗು. ಮಣ್ಣಿನ ಮಡಕೆಗೆ ಕಾಯಿಗಡ್ಡೆ ತುಂಬಿ, ಬಾಯಿ ಮುಚ್ಚಿ, ಹೊಲದ ಗುಂಡಿಯಲ್ಲಿ ಬೋರಲು ಹಾಕಿ ಮೇಲೆ ಬೆಂಕಿ ಹಾಕುತ್ತಿದ್ದುದರಿಂದ ಆ ಹೆಸರು ಬಂತು. ಹೋಟೆಲಿನಲ್ಲಿ ಅದು ದೊಡ್ಡ ತಪ್ಪಲೆಯಲ್ಲೇ ಆಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಸೂರತ್ ಶೈಲಿಯ ಉಂಧಿಯುವಿನ ಜೀವ ಇರುವುದು ಪಾಪಡಿಯಲ್ಲಿ. ಪಾಪಡಿ ನಮ್ಮ ಅವರೆಯದೇ ಜಾತಿ. ಚಳಿಗೆ ಸೊಗಡು ಬರುವ ಅದೇ ಗುಣ ಅದಕ್ಕೂ ಇದೆ. ನಾವು ಕಾಳು ಬಿಡಿಸಿ, ಸಿಪ್ಪೆ ಹಿಸುಕಿ ಹಿತಕಿದ ಬೇಳೆ ಮಾಡುತ್ತೇವೆ. ಅವರು ಕಾಯಿಯನ್ನು ಸಿಪ್ಪೆಯ ಸಮೇತ ಬೇಯಿಸುತ್ತಾರೆ. ಸೂರತ್ತಿನ ಕತಾರಗಾಮದ ಪಾಪಡಿಗೆ ಅಲ್ಲಿ ದೊಡ್ಡ ಹೆಸರು.

ನಮ್ಮ ಅಡುಗೆಮನೆಯಲ್ಲಿ ಚಳಿಗಾಲದ ಬೆಳಗು ಹೀಗೆ ಆರಂಭವಾಗುತ್ತಿತ್ತು. ಐದು ಗಂಟೆಗೆ ಪಾಪಡಿ ಮೂಟೆ ಬರುತ್ತದೆ. ನಾಲ್ಕೈದು ಹೆಂಗಸರು ಸುತ್ತ ಕುಳಿತು ಒಂದೊಂದು ಕಾಯಿಯ ನಾರನ್ನೂ ಎರಡೂ ಅಂಚಿನಿಂದ ಎಳೆದು, ಹೊಲಿಗೆ ಬಿಚ್ಚಿದಂತೆ ತೆರೆದು, ಹುಳುವಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಆ ಕಡೆ ನೇರಳೆ ತಿರುಳಿನ ರತಾಳು ಗಡ್ಡೆ, ಸಿಹಿಗೆಣಸು, ಬಾಳೆಕಾಯಿಗಳ ಸಿಪ್ಪೆ ತೆಗೆಯುವ ಕೆಲಸ. ಸಣ್ಣ ಬದನೆಕಾಯಿಗೆ ತೆಂಗಿನತುರಿ, ಕೊತ್ತಂಬರಿ, ಎಳೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಕೂಡಿದ ಹಸಿರು ಮಸಾಲೆ ತುಂಬುತ್ತಾರೆ. ಮೆಂತ್ಯ ಸೊಪ್ಪು, ಕಡಲೆಹಿಟ್ಟು ಕಲಸಿ ಮುಷ್ಟಿಯಲ್ಲಿ ಒತ್ತಿದ ಮುಠಿಯಾವನ್ನು ಬೇರೆಯಾಗಿ ಕರಿಯುತ್ತಾರೆ. ಎಣ್ಣೆಗೆ ಓಮ ಬಿದ್ದು ಅದರ ಘಮ ಎದ್ದ ಮೇಲೆ ಪಾಪಡಿ ಹಾಕುತ್ತಾರೆ, ನಂತರ ಗಡ್ಡೆಗಳು, ಕೊನೆಗೆ ಮುಠಿಯಾ. ಒಮ್ಮೆ ಹಾಕಿದ ಮೇಲೆ ಸೌಟು ಆಡಿಸುವಂತಿಲ್ಲ. ನಮ್ಮ ಮಹಾರಾಜ್ – ಅಡುಗೆಯವರನ್ನು ಅಲ್ಲಿ ಹಾಗೆಯೇ ಕರೆಯುತ್ತಾರೆ – ತಪ್ಪಲೆಯ ಎರಡೂ ಕಿವಿಗಳನ್ನು ಬಟ್ಟೆಯಲ್ಲಿ ಹಿಡಿದು ಎತ್ತಿ ಕುಲುಕುತ್ತಿದ್ದರು. ರಾಜಸ್ಥಾನದ ಮೇವಾಡದಿಂದ ಬಂದ ಅವರಿಗೆ ಆಗ ಅರವತ್ತು ದಾಟಿತ್ತು.

ಈಗ ನಿಮ್ಮ ಬಟ್ಟಲನ್ನು ನೀವೇ ಪರೀಕ್ಷಿಸಬಹುದು. ಚಮಚದಲ್ಲಿ ತೆಗೆದಾಗ ರತಾಳು ತುಂಡಿನ ಅಂಚು ಚೂಪಾಗಿ ಉಳಿದಿರಬೇಕು, ಒತ್ತಿದರೆ ಮಾತ್ರ ಬೆಣ್ಣೆಯಂತೆ ಮಣಿಯಬೇಕು. ಪಾಪಡಿಯ ಸಿಪ್ಪೆ ಇಡಿಯಾಗಿದ್ದು ಒಳಗಿನ ಕಾಳು ಹಿಟ್ಟಾಗಿರಬೇಕು. ಮೊದಲು ಓಮದ ವಾಸನೆ, ಆಮೇಲೆ ಎಳೆ ಬೆಳ್ಳುಳ್ಳಿಯದು ಮೂಗಿಗೆ ಬರಬೇಕು. ಬಣ್ಣ ಹಸಿರಿಗೆ ಹತ್ತಿರ ಇರಬೇಕು. ಕಂದು ಮುದ್ದೆಯಾಗಿದ್ದರೆ ಅದು ಮತ್ತೆ ಮತ್ತೆ ಬಿಸಿ ಮಾಡಿದ್ದು. ಎಣ್ಣೆ ಇರುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಇಷ್ಟು ಗಡ್ಡೆಗಳು ನೀರಿಲ್ಲದೆ ಬೇಯುವುದಕ್ಕೆ ಅದು ಬೇಕು. ಆದರೆ ತಾಜಾ ಉಂಧಿಯುವಿನಲ್ಲಿ ಎಣ್ಣೆ ತಳಕ್ಕೆ ಇಳಿದು ನಿಂತಿರುತ್ತದೆ, ತುಂಡುಗಳು ಅದನ್ನು ಕುಡಿದು ಭಾರವಾಗಿರುವುದಿಲ್ಲ. ‘ಮೇಲಿನಿಂದ ಬಡಿಸಿ’ ಎಂದು ಹೇಳಿ, ಬಡಿಸುವವರು ಅರ್ಥ ಮಾಡಿಕೊಳ್ಳುತ್ತಾರೆ. ಸೌರಾಷ್ಟ್ರದ ಅಡುಗೆ ಬಡಿಸುವ ಕಾಠಿಯಾವಾಡಿ ಹೋಟೆಲಿಗೆ ಹೋದರೆ ಕೆಂಪಗಿನ, ಖಾರದ, ರಸ ಇರುವ ಇನ್ನೊಂದು ಉಂಧಿಯು ಬರುತ್ತದೆ; ಅದನ್ನು ಸೂರತ್ತಿನ ಅಳತೆಗೋಲಿನಿಂದ ಅಳೆಯಬೇಡಿ, ಅದರ ದಾರಿಯೇ ಬೇರೆ.

ದಿನದ ಬಗ್ಗೆ ಒಂದು ಮಾತು. ಜನವರಿ 14ರಂದು ಉತ್ತರಾಯಣ, 15ರಂದು ವಾಸಿ ಉತ್ತರಾಯಣ, ಅಂದರೆ ಹಬ್ಬದ ಮರುದಿನ. ಅಂದು ಊರೆಲ್ಲ ಮಾಳಿಗೆಯ ಮೇಲಿದ್ದು ಗಾಳಿಪಟ ಹಾರಿಸುತ್ತದೆ. ಮಧ್ಯಾಹ್ನಕ್ಕೆ ಉಂಧಿಯು, ಪೂರಿ, ಜಿಲೇಬಿ ಪ್ರತಿ ಮನೆಗೂ ಹೋಗುತ್ತವೆ. ಬೆಳಗಿನಿಂದಲೇ ಫರ್ಸಾಣ್ ಅಂಗಡಿಗಳ ಮುಂದೆ ಸಾಲು. ನೋಡಲು ಅದಕ್ಕಿಂತ ಚಂದದ ದಿನವಿಲ್ಲ, ಆದರೆ ಉಂಧಿಯು ತಿನ್ನುವುದಕ್ಕೆ ಅದು ಒಳ್ಳೆಯ ದಿನವಲ್ಲ ಎಂದೇ ನಾನು ಹೇಳುವುದು. ಅಂದು ಯಾರಿಗೂ ಪಾಪಡಿಯ ನಾರು ಬಿಡಿಸುವಷ್ಟು ವ್ಯವಧಾನ ಇರುವುದಿಲ್ಲ, ರಾತ್ರಿಯೇ ಬೇಯಿಸಿಟ್ಟದ್ದೂ ಮಾರಾಟವಾಗುತ್ತದೆ. ಹಬ್ಬಕ್ಕೆ ಎರಡು ಮೂರು ದಿನ ಮೊದಲೇ, ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ, ಮೊದಲ ಪಂಕ್ತಿಗೇ ಕುಳಿತು ತಿನ್ನಿ. ಹೊರಡುವ ಮೊದಲು ದೂರವಾಣಿಯಲ್ಲಿ ಒಂದು ಮಾತು ಕೇಳಿದರೆ ಸಾಕು: ‘ಇವತ್ತು ತಾಜಾ ಪಾಪಡಿಯ ಉಂಧಿಯು ಇದೆಯೇ?’ ಇದ್ದವರು ಹೆಮ್ಮೆಯಿಂದ ಇದೆ ಎನ್ನುತ್ತಾರೆ. ಇಲ್ಲದವರು ‘ಬನ್ನಿ, ಎಲ್ಲವೂ ಇದೆ’ ಎನ್ನುತ್ತಾರೆ.

ಅಹಮದಾಬಾದಿನಲ್ಲಿ ಎಲ್ಲಿ ಎಂದು ನೀವು ಕೇಳಿಲ್ಲ, ಆದರೂ ತಂದೆ ತಾಯಿ ಜೊತೆಗಿರುವುದರಿಂದ ಹೇಳುತ್ತೇನೆ. ಸೀದಿ ಸಯ್ಯದ್ ಮಸೀದಿಯ ಎದುರಿಗೆ 1924ರಲ್ಲಿ ಕಟ್ಟಿದ ಹವೇಲಿಯೊಂದು ಈಗ ‘ಹೌಸ್ ಆಫ್ ಎಂಜಿ’ ಹೋಟೆಲಾಗಿದೆ. ಅದರ ಮಾಳಿಗೆಯಲ್ಲಿ ‘ಅಗಾಶಿಯೆ’ ಇದೆ. ನಗರದ ಅಂಚಿನ ವಾಸಣಾದಲ್ಲಿ 1978ರಿಂದ ನಡೆದುಬಂದಿರುವ ‘ವಿಶಾಲಾ’ ಹಳ್ಳಿಯಂತೆ ಕಟ್ಟಿದ ಬಯಲು ಭೋಜನಾಲಯ. ಪಾತ್ರೆಗಳ ವಸ್ತುಸಂಗ್ರಹಾಲಯವೂ ಅಲ್ಲಿದೆ. ಅಲ್ಲಿ ನೆಲಕ್ಕೆ ಹತ್ತಿರ ಕುಳಿತು ಉಣ್ಣುವುದು ಪದ್ಧತಿ, ಸಂಜೆಯ ಚಳಿ ಬೇರೆ; ಮಂಡಿನೋವು ಇರುವವರಿಗೆ ಏನು ಅನುಕೂಲವಿದೆ ಎಂದು ಮೊದಲೇ ವಿಚಾರಿಸಿ, ಶಾಲು ತೆಗೆದುಕೊಂಡು ಹೋಗಿ.

ಒಂದು ಊಟವನ್ನಾದರೂ ಥಾಲಿ ಬಿಟ್ಟು ಕಾಠಿಯಾವಾಡಿ ಹೋಟೆಲಿನಲ್ಲಿ ಮಾಡಿ. ಹಿಂದಿನ ಸಲ ‘ಎಲ್ಲವೂ ಸಿಹಿ’ ಎನ್ನಿಸಿದವರಿಗೆ ಇದೇ ಮದ್ದು. ಸೌರಾಷ್ಟ್ರದ ಆ ಅಡುಗೆಯಲ್ಲಿ ಬೆಲ್ಲ ಕಡಿಮೆ, ಬೆಳ್ಳುಳ್ಳಿ ಖಾರ ಮುಂದೆ. ಕೆಂಡದಲ್ಲಿ ಸುಟ್ಟ ಬದನೆಕಾಯಿಯನ್ನು ಎಳೆ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪಿನೊಂದಿಗೆ ಹಸನು ಮಾಡಿದ ‘ಓಳೋ’, ಜೊತೆಗೆ ಸಜ್ಜೆಯ ರೋಟಲೋ, ಬಿಳಿ ಬೆಣ್ಣೆ, ಒಂದು ತುಂಡು ಬೆಲ್ಲ. ದಾವಣಗೆರೆಯವರಿಗೆ ಬೆಣ್ಣೆಯ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ನಮ್ಮ ಸಜ್ಜೆ ರೊಟ್ಟಿಯನ್ನು ಹಲಗೆಯ ಮೇಲೆ ಬಡಿದು ತೆಳ್ಳಗೆ ಮಾಡುತ್ತೇವೆ. ರೋಟಲೋವನ್ನು ಎರಡು ಅಂಗೈಗಳ ನಡುವೆ ತಟ್ಟುತ್ತಾ ತಿರುಗಿಸುತ್ತಾ ದಪ್ಪಗೆ ಮಾಡಿ ಮಣ್ಣಿನ ಹೆಂಚಿನ ಮೇಲೆ ಹಾಕುತ್ತಾರೆ. ಅದನ್ನು ಮುರಿದಾಗ ಒಳಗಿನಿಂದ ಉಗಿ ಬರಬೇಕು. ಮೊದಲ ತುತ್ತನ್ನು ಏನೂ ಹಚ್ಚದೆ ತಿಂದು ನೋಡಿ: ನಾಲಿಗೆಯ ಹಿಂಭಾಗದಲ್ಲಿ ಕಹಿ ಉಳಿದರೆ ಹಿಟ್ಟು ಹಳೆಯದು. ಸಜ್ಜೆಯಲ್ಲಿ ಕೊಬ್ಬಿನ ಅಂಶ ಹೆಚ್ಚು, ಬೀಸಿದ ಹಿಟ್ಟು ಬೇಗ ಕಮಟುತ್ತದೆ. ಅಂಥ ಕಡೆ ರೋಟಲೋ ಬಿಟ್ಟು ಖಿಚಡಿ–ಕಢಿ ತರಿಸಿಕೊಳ್ಳಿ.

ಮುಂಬೈ ಕಡೆಯಿಂದ ರಸ್ತೆಯಲ್ಲಿ ಬರುವುದಾದರೆ ಎರಡು ತಿನಿಸು ದಾರಿಯಲ್ಲೇ ಸಿಗುತ್ತವೆ. ವಲ್ಸಾಡ್ ಸುತ್ತಮುತ್ತ ಹೆದ್ದಾರಿಯ ಬದಿಯಲ್ಲಿ ಮಡಕೆಯಲ್ಲಿ ಸೊಪ್ಪು ಹಾಸಿ, ಎಣ್ಣೆಯೂ ನೀರೂ ಇಲ್ಲದೆ ಪಾಪಡಿ, ಗಡ್ಡೆಗಳನ್ನು ಬೇಯಿಸುವ ‘ಉಂಬಾಡಿಯು’ – ಉಂಧಿಯುವಿನ ಹಳೆಯ ರೂಪ ಇದರಲ್ಲಿ ಉಳಿದಿದೆ ಎಂದು ನನಗನ್ನಿಸುತ್ತದೆ. ಹಸಿರು ಚಟ್ನಿ, ಮಜ್ಜಿಗೆಯ ಜೊತೆ ತಿನ್ನಬೇಕು. ಇನ್ನೊಂದು ಸೂರತ್ತಿನ ಪೊಂಕ್. ಇದು ನಮ್ಮ ಉತ್ತರ ಕರ್ನಾಟಕದ ಸೀತನಿಯೇ: ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ತೆಗೆದ ಹಸಿರು ಕಾಳು. ನಾವು ಬೆಲ್ಲ, ಶೇಂಗಾ ಹಿಂಡಿಯ ಜೊತೆ ತಿನ್ನುತ್ತೇವೆ, ಅವರು ನಿಂಬೆ–ಮೆಣಸಿನ ಸೇವ್ ಜೊತೆ. ಸುಟ್ಟ ಕೆಲವೇ ತಾಸುಗಳಲ್ಲಿ ಅದರ ಸಿಹಿ ಇಳಿಯುತ್ತದೆ. ಅಹಮದಾಬಾದಿನ ಹೋಟೆಲಿನಲ್ಲಿ ಪೊಂಕ್ ಎಂದು ಬರೆದಿದ್ದರೆ ವಡೆ ತಿನ್ನಿ, ಬಿಡಿ ಕಾಳು ಬೇಡ.

ಇನ್ನು ರಾಜಸ್ಥಾನ. ಉದಯಪುರ ಮೇವಾಡದ ಊರು, ಅಲ್ಲಿ ಮೆಕ್ಕೆಜೋಳ ಮುಖ್ಯ. ಮೆಕ್ಕೆಜೋಳದ ಢೋಕ್ಲಾ ಎಂದರೆ ಗುಜರಾತಿನ ಹಳದಿ ಸ್ಪಂಜಿನ ಢೋಕ್ಲಾ ಅಲ್ಲ. ಹಿಟ್ಟನ್ನು ಉಂಡೆ ಮಾಡಿ ನಡುವೆ ಬೆರಳಿನಿಂದ ಕುಳಿ ಒತ್ತಿ ಹಬೆಯಲ್ಲಿ ಬೇಯಿಸಿದ್ದು. ಅದನ್ನು ಮುರಿದು, ತುಪ್ಪ ಸುರಿದು ದಾಲ್ ಜೊತೆ ತಿನ್ನುವಾಗ ನಮ್ಮ ಕಡುಬು ನೆನಪಾಗದೆ ಇರದು. ಎಲ್ಲ ಹೋಟೆಲಿನಲ್ಲೂ ಸಿಗುವುದಿಲ್ಲ, ಕೇಳಿದರೆ ಮರುದಿನಕ್ಕೆ ಮಾಡಿಕೊಡುವವರಿದ್ದಾರೆ. ಸಂಜೆಗೆ ರಾಬ್ ಕೇಳಿ: ಸಜ್ಜೆ ಅಥವಾ ಮೆಕ್ಕೆಜೋಳವನ್ನು ಮಜ್ಜಿಗೆಯಲ್ಲಿ ನಿಧಾನವಾಗಿ ಕುದಿಸಿದ ಬಿಸಿ ಅಂಬಲಿ. ವಯಸ್ಸಾದವರಿಗೆ ರಾತ್ರಿಯ ಊಟಕ್ಕೆ ಅದೊಂದೇ ಸಾಕು. ಬೆಲ್ಲ, ಶುಂಠಿ ಹಾಕಿದ ಸಿಹಿ ರಾಬ್ ಕೂಡ ಇದೆ, ಆದ್ದರಿಂದ ಯಾವುದೆಂದು ಕೇಳಿಯೇ ತರಿಸಿ.

ಜೋಧಪುರದಲ್ಲಿ ನೀವು ತಪ್ಪಿಸಿಕೊಳ್ಳಬಾರದ್ದು ಹಸಿ ಅರಿಸಿನದ ಪಲ್ಯ, ಹಲ್ದೀ ಕೀ ಸಬ್ಜಿ. ನಮ್ಮವರು ಹೆಸರು ಕೇಳಿಯೇ ಹಿಂಜರಿಯುತ್ತಾರೆ. ಅರಿಸಿನದ ಕೊನೆಯನ್ನು ತುರಿದು, ಅದರ ತೂಕಕ್ಕೆ ಹತ್ತಿರ ಹತ್ತಿರ ತುಪ್ಪದಲ್ಲಿ ಹಸಿ ವಾಸನೆ ಹೋಗುವವರೆಗೆ ಸಣ್ಣ ಉರಿಯಲ್ಲಿ ಹುರಿಯುತ್ತಾರೆ. ಮೊದಮೊದಲು ಮಣ್ಣಿನ, ಔಷಧಿಯ ವಾಸನೆ ಬರುತ್ತದೆ. ಅದು ಮೆಲ್ಲಗೆ ಮಾಯವಾಗಿ ಗೋಡಂಬಿ ಹುರಿದಂಥ ಪರಿಮಳ ಏಳುತ್ತದೆ. ಆಗ ಮೊಸರು, ಬಟಾಣಿ, ಮಸಾಲೆ. ಅರಿಸಿನದ ಕಟುತ್ವವನ್ನು ಪಳಗಿಸುವುದು ತುಪ್ಪ, ಅದನ್ನು ಕಡಿಮೆ ಮಾಡಿದರೆ ಪಲ್ಯ ಕಹಿಯಾಗುತ್ತದೆ. ಹಾಗಾಗಿ ‘ತುಪ್ಪ ಕಡಿಮೆ ಹಾಕಿ’ ಎಂದು ಇಲ್ಲಿ ಹೇಳಬೇಡಿ. ನಾಲ್ವರಿಗೆ ಒಂದೇ ಬಟ್ಟಲು ತರಿಸಿ, ಉಪ್ಪಿನಕಾಯಿಯಂತೆ ತಲಾ ಎರಡು ಚಮಚ ಹಾಕಿಕೊಳ್ಳಿ. ಸಜ್ಜೆಯ ಸೋಗ್ರಾ – ಮಾರವಾಡದ ದಪ್ಪ ರೊಟ್ಟಿ – ಅದಕ್ಕೆ ಸರಿಯಾದ ಜೋಡಿ. ಬೆರಳ ಹಳದಿ ಎರಡು ದಿನ ಹೋಗುವುದಿಲ್ಲ. ದಾಲ್–ಬಾಟಿ–ಚೂರ್ಮಾ ಎಲ್ಲೆಡೆ ಸಿಗುತ್ತದೆ, ಅದು ಹನ್ನೆರಡು ತಿಂಗಳ ಊಟ. ಒಮ್ಮೆ ತಿಂದರೆ ಸಾಕು.

ಸಿಹಿಯ ವಿಷಯದಲ್ಲೂ ಅದೇ ಲೆಕ್ಕ. ಥಾಲಿಯ ಶ್ರೀಖಂಡ, ಗುಲಾಬ್ ಜಾಮೂನು ಬಿಡಿ. ಅಡದಿಯಾ ಹುಡುಕಿ: ಕಛ್ ಕಡೆಯ ಉದ್ದಿನಹಿಟ್ಟಿನ ಸಿಹಿ. ಹಿಟ್ಟಿಗೆ ಮೊದಲು ಸ್ವಲ್ಪ ಹಾಲು–ತುಪ್ಪ ತಿಕ್ಕಿ ಜರಡಿ ಹಿಡಿಯುತ್ತಾರೆ, ಅದರಿಂದಲೇ ಆ ತರಿತರಿ ಬರುವುದು. ಕರಿದ ಅಂಟು, ಒಣಶುಂಠಿ, ಹಿಪ್ಪಲಿ ಬೇರು ಎಲ್ಲ ಅದರಲ್ಲಿವೆ. ನಮ್ಮ ಬಾಣಂತಿಯರ ಅಂಟಿನ ಉಂಡೆಗೆ ಹತ್ತಿರದ ಸಂಬಂಧಿ. ರಾಜಸ್ಥಾನದಲ್ಲಿ ಹೆಸರುಬೇಳೆ ಹಲ್ವಾ ಬಿಸಿಯಾಗಿ ಸಿಕ್ಕರೆ ಮಾತ್ರ ತಿನ್ನಿ. ತಣ್ಣಗಾದರೆ ತುಪ್ಪ ಹೆಪ್ಪುಗಟ್ಟಿ ಬಾಯಿಗೆ ಮೆತ್ತಿಕೊಳ್ಳುತ್ತದೆ.

ನಿಮ್ಮ ತಂದೆಯವರ ವಿಷಯ. ನಾನು ಅಡುಗೆಯವನು, ವೈದ್ಯನಲ್ಲ. ಅವರ ವೈದ್ಯರ ಮಾತೇ ಕೊನೆ. ಆದರೆ ಅಡುಗೆಮನೆಯ ಒಳಗಿನಿಂದ ಕೆಲವು ಎಚ್ಚರಿಕೆ ಹೇಳಬಲ್ಲೆ. ಗುಜರಾತಿ ದಾಲ್, ಕಢಿಗಳಿಗೆ ಬೆಲ್ಲ ಅಥವಾ ಸಕ್ಕರೆ ಬಿದ್ದಿರುತ್ತದೆ, ಉಂಧಿಯುವಿಗೂ ಸ್ವಲ್ಪ ಬಿದ್ದಿರುತ್ತದೆ. ಬೆಲ್ಲವಿಲ್ಲದ ದಾಲ್ ಬೇಕೆಂದು ‘ಗೋಳ್ ವಗರ್’ ಎಂದು ಕೇಳಿ. ‘ಮೀಠಾ ಕಡಿಮೆ’ ಎಂದು ಹೇಳಿದರೆ ಗೊಂದಲವಾಗಬಹುದು, ಏಕೆಂದರೆ ಗುಜರಾತಿಯಲ್ಲಿ ‘ಮೀಠುಂ’ ಎಂದರೆ ಉಪ್ಪು. ಉಂಧಿಯುವಿನಲ್ಲಿ ಅವರು ಪಾಪಡಿ, ಬದನೆಕಾಯಿ ಆರಿಸಿಕೊಂಡು ರತಾಳು, ಸಿಹಿಗೆಣಸನ್ನು ನಿಮಗೆ ಬಿಡಲಿ. ಸಜ್ಜೆ ಸಿರಿಧಾನ್ಯ, ಎಷ್ಟು ತಿಂದರೂ ಸಕ್ಕರೆ ಏರದು ಎಂಬ ನಂಬಿಕೆ ಸರಿಯಲ್ಲ. ದಪ್ಪ ರೋಟಲೋ ಒಂದೇ ನಮ್ಮ ಎರಡು ರೊಟ್ಟಿಗೆ ಸಮ. ಇದೆಲ್ಲಕ್ಕಿಂತ ಮುಖ್ಯ, ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡ ಮೇಲೆ ಅವರನ್ನು ಹೋಟೆಲಿನ ಸಾಲಿನಲ್ಲಿ ಗಂಟೆಗಟ್ಟಲೆ ಕಾಯಿಸಬೇಡಿ. ಸಕ್ಕರೆ ಕುಸಿದು ತೊಂದರೆಯಾಗುವುದು ಹಾಗೆಯೇ.

ಥಾಲಿಗೆ ಕುಳಿತಾಗ ಮೊದಲ ಐದು ನಿಮಿಷ ಎಚ್ಚರವಾಗಿರಿ. ಬಡಿಸುವವರು ಎಲ್ಲ ಬಟ್ಟಲನ್ನೂ ತುಂಬುವುದಕ್ಕೆ ಓಡಿ ಬರುತ್ತಾರೆ, ಅದು ಅವರ ಪ್ರೀತಿ. ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರೆ ನಿಲ್ಲಿಸುತ್ತಾರೆ, ಯಾರೂ ಬೇಸರಪಡುವುದಿಲ್ಲ. ಇವತ್ತಿನ ಚಳಿಗಾಲದ ಪಲ್ಯ ಯಾವುದು ಎಂದು ಹಿರಿಯ ಬಡಿಸುವವರನ್ನು ಕೇಳಿ. ಹಸಿ ತೊಗರಿಕಾಳಿನ ಕಚೋರಿ ಇದ್ದರೆ ಅವರೇ ಹೇಳುತ್ತಾರೆ. ಬದಿಯ ಚಿಕ್ಕ ತಟ್ಟೆಯಲ್ಲಿ ನಿಂಬೆರಸದಲ್ಲಿ ನೆನೆಸಿದ ಹಳದಿ, ಬಿಳಿ ಚೂರುಗಳಿರುತ್ತವೆ – ಹಸಿ ಅರಿಸಿನ ಮತ್ತು ಮಾವಿನ ಶುಂಠಿ. ಅನೇಕರು ಅದನ್ನು ಮುಟ್ಟುವುದೇ ಇಲ್ಲ. ತುತ್ತು ತುತ್ತಿಗೊಂದು ಹಾಕಿಕೊಳ್ಳಿ, ಎಣ್ಣೆ ತುಪ್ಪದ ಭಾರ ಅದರಿಂದಲೇ ಇಳಿಯುತ್ತದೆ.

ಊರಿಗೆ ತರುವುದಾದರೆ ಉಂಧಿಯು ಕಟ್ಟಿಸಿಕೊಳ್ಳಬೇಡಿ, ರೈಲಿನಲ್ಲಿ ಹಳಸುತ್ತದೆ. ಅಡದಿಯಾ ತನ್ನಿ. ಎಳ್ಳು, ಬೆಲ್ಲವನ್ನು ಗಾಣದಲ್ಲಿ ಅರೆದ ಕಚರಿಯು ತನ್ನಿ. ಸಂಕ್ರಾಂತಿಯ ಎಳ್ಳು–ಬೆಲ್ಲ ಮನೆಯಲ್ಲಿ ಇನ್ನೂ ಉಳಿದಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ತಿಂದು ನೋಡಿ, ಯಾವುದು ಮೊದಲು ಖಾಲಿಯಾಯಿತೆಂದು ನನಗೆ ಬರೆಯಿರಿ.